ಬೋರ್ ಮಾಡಿಸಿದ ಮಾರುತಿ 800: ಎಂಜಿನ್ ಹದಕ್ಕೆ ಬಂದ ಬಗೆ

ಎಂಜಿನ್ ಇಳಿಸಿ, ಬೋರ್ ಮಾಡಿಸಿ (ಅಂದರೆ ಸವೆದ ಸಿಲಿಂಡರುಗಳನ್ನು ಕೊರೆಯಿಸಿ), ಹೊಸ ಪಿಸ್ಟನ್ ಮತ್ತು ಅದರ ಸುತ್ತ ಕೂರುವ ರಿಂಗ್ ಹಾಕಿಸಿದ ನಮ್ಮ ಹಳೆಯ ಮಾರುತಿ 800 ಅನ್ನು ನಾನು ಮಂಡ್ಯ ಮತ್ತು ಮೈಸೂರಿನ ನಡುವೆ ಒಂದು ವರ್ಷಕ್ಕೂ ಮೇಲ್ಪಟ್ಟು ಓಡಿಸಿದ್ದೇನೆ. ಕೆಲಸ ಮಾಡಿಕೊಟ್ಟ ಮೈಸೂರಿನ ವರ್ಕ್‌ಶಾಪಿನ ಬಗ್ಗೆ ಬರೆಯಲು ಕುಳಿತದ್ದು ಒಂದು ಸಿಟ್ಟಿನಿಂದ. ₹35,000ದ ಆಸುಪಾಸು ಹಣ ಎಣಿಸಿಕೊಂಡ ಮೇಲೆ ಕೀಲಿಯ ಜೊತೆಗೆ ಅವರು ಕೊಟ್ಟ ಸೂಚನೆ ಇಷ್ಟೇ: “ಸಾರ್, ಸಾವಿರ ಕಿಲೋಮೀಟರ್ ಆಗೋವರೆಗೂ ನಲವತ್ತು ದಾಟಿಸ್ಬೇಡಿ, ಆಮೇಲೆ ನಿಮ್ಮಿಷ್ಟ.” ಈ ಮಾತಿನಲ್ಲಿ ಅರ್ಧ ಸರಿ, ಉಳಿದರ್ಧ ಹೊಸ ಎಂಜಿನ್ನಿಗೆ ಹಾನಿ ಮಾಡುವಂಥದ್ದು, ಅದನ್ನು ಅಕ್ಷರಶಃ ಪಾಲಿಸಿದವರ ಗಾಡಿಗಳೇ ಆರು ತಿಂಗಳಲ್ಲಿ ಮತ್ತೆ ನೀಲಿ ಹೊಗೆ ಬಿಡುತ್ತಾ ಅದೇ ವರ್ಕ್‌ಶಾಪಿನ ಮುಂದೆ ಬಂದು ನಿಂತರೆ ನನಗೆ ಆಶ್ಚರ್ಯವಾಗುವುದಿಲ್ಲ.

ಬೋರ್ ಮಾಡಿಸುವುದು ಏಕೆ ಬಂತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಒದ್ದೆ ಮಸಿ, ಒಂದು ಸರ್ವೀಸಿಗೂ ಮತ್ತೊಂದಕ್ಕೂ ನಡುವೆ ಮತ್ತೆ ಮತ್ತೆ ಆಯಿಲ್ ತುಂಬಿಸುವ ಪಾಡು, ಕಂಪ್ರೆಷನ್ ಪರೀಕ್ಷೆಯಲ್ಲಿ ಮೂರು ಸಿಲಿಂಡರುಗಳ ಪೈಕಿ ಒಂದು ಪೂರ್ತಿ ಸೋತಿದ್ದದ್ದು. ಈ ಮಾದರಿಯ ತಯಾರಿಕೆ 2014ರಲ್ಲಿಯೇ ನಿಂತಿದ್ದರೂ ಬಿಡಿಭಾಗಗಳು ಈಗಲೂ ಸಿಗುತ್ತವೆ. ನನ್ನ ಕೈಯಲ್ಲಿರುವ ಹಣಕ್ಕೆ ಸಿಗುವ ಬೇರೆ ಹಳೆಯ ಕಾರಿನ ಎಂಜಿನ್ ಒಳಗೆ ಏನಿದೆಯೋ ಎಂದು ಹೆದರುವುದಕ್ಕಿಂತ ಇದರ ಒಳಗೆ ಏನಿದೆ ಎಂದು ತಿಳಿದಿರುವುದೇ ಮೇಲು ಎನಿಸಿತು.

ಇನ್ನು ಆ ನಲವತ್ತರ ಮಾತಿಗೆ ಬರೋಣ. ಲೇತ್‌ನವರು ಸಿಲಿಂಡರನ್ನು ಕೊರೆದು ಅಗಲ ಮಾಡಿದ ಮೇಲೆ ಕೊನೆಗೆ ಹೋನಿಂಗ್ ಮಾಡುತ್ತಾರೆ. ಅಂದರೆ ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಸಣ್ಣ ಸಣ್ಣ ಗೀರುಗಳನ್ನು ಬೇಕೆಂದೇ ಉಳಿಸುತ್ತಾರೆ. ಹಿಂದೆ ನಮ್ಮ ಮನೆಗಳಲ್ಲಿ ರುಬ್ಬುವ ಕಲ್ಲು ನುಣುಪಾಗಿಹೋದಾಗ ಉಳಿಯಿಂದ ಕುಟ್ಟಿಸಿ ಒರಟು ಮಾಡಿಸುತ್ತಿದ್ದರು, ಕುಟ್ಟಿಸಿದ ಮೇಲೆ ಮೊದಲು ರುಬ್ಬಿದ್ದರಲ್ಲಿ ಕಲ್ಲಿನ ಪುಡಿ ಸೇರುವುದರಿಂದ ಅದನ್ನು ಚೆಲ್ಲುತ್ತಿದ್ದರು. ಹೋನಿಂಗಿನ ಲೆಕ್ಕವೂ ಅದೇ. ಹೊಸ ರಿಂಗುಗಳು ಈ ಗೀರುಗಳ ಏಣುಗಳ ಮೇಲೆ ಉಜ್ಜಿ, ತಾವೂ ಸವೆದು ಗೋಡೆಯನ್ನೂ ಸವೆಸಿ, ಒಂದಕ್ಕೊಂದು ಹೊಂದಿಕೊಂಡರೆ ಮಾತ್ರ ಮೇಲಿನ ಒತ್ತಡ ಕೆಳಗೆ ಸೋರುವುದಿಲ್ಲ, ಕೆಳಗಿನ ಆಯಿಲ್ ಮೇಲೆ ಬರುವುದಿಲ್ಲ.

ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿತವೊಂದೇ ಅಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡವು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನೊಳಗೆ ನುಗ್ಗಿ, ರಿಂಗಿನ ಬೆನ್ನಿಗೆ ಬಂದು ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ನಿಗೆ ಭಾರವನ್ನೇ ಕೊಡದೆ ಮೆಲ್ಲಮೆಲ್ಲಗೆ ಓಡಿಸಿದರೆ, ಅದಕ್ಕಿಂತ ಹೆಚ್ಚಾಗಿ ನಿಂತಲ್ಲೇ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಟ್ಟರೆ, ಆ ಒತ್ತಡ ಸಾಲದೆ ರಿಂಗು ಆಯಿಲ್ ಪದರದ ಮೇಲೆ ತೇಲುತ್ತದೆ; ಉಳಿದ ಆಯಿಲ್ ಗೀರುಗಳಲ್ಲಿ ಸುಟ್ಟು ಗಾಜಿನಂಥ ಗಟ್ಟಿ ಲೇಪವಾಗುತ್ತದೆ. ಆಮೇಲೆ ಎಷ್ಟು ಓಡಿಸಿದರೂ ರಿಂಗ್ ಕೂರುವುದಿಲ್ಲ, ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸುವುದೇ ದಾರಿ. ಹಾಗೆಂದು ಮೊದಲ ದಿನವೇ ಆಕ್ಸಿಲರೇಟರ್ ತಳ ಮುಟ್ಟಿಸಿ ಓಡಿಸಿದರೆ ಬಿಗಿಯಾಗಿರುವ ಭಾಗಗಳು ಕಾದು ಕೆರೆದುಕೊಳ್ಳುತ್ತವೆ. ಬೇಕಾದದ್ದು ಮಧ್ಯಮ ಭಾರ, ಅದೂ ಸ್ವಲ್ಪ ಹೊತ್ತು ಮಾತ್ರ, ನಡುನಡುವೆ ಬಿಡುವು. ಈ ನಾಲ್ಕು ಮಾತನ್ನು ಹೇಳುವುದಕ್ಕೆ ವರ್ಕ್‌ಶಾಪಿನವರಿಗೆ ಐದು ನಿಮಿಷ ಸಾಕಾಗುತ್ತಿತ್ತು. ಹೇಳುವುದಿರಲಿ, ಎಂಜಿನ್ನನ್ನು ಒಂದು ಸಂಜೆಯಿಡೀ ನಿಂತಲ್ಲೇ ಓಡಿಸಿ “ಫ್ರೀ” ಮಾಡಿಕೊಡುವುದಾಗಿ ಅವರೇ ಉತ್ಸಾಹ ತೋರಿದ್ದರು; ಬೇಡವೆಂದು ಪಟ್ಟು ಹಿಡಿದದ್ದಕ್ಕೆ ನನ್ನನ್ನು ತಲೆಹರಟೆ ಗಿರಾಕಿಗಳ ಪಟ್ಟಿಗೆ ಸೇರಿಸಿಕೊಂಡರು ಎಂದು ಕಾಣುತ್ತದೆ.

ಆಯಿಲ್ ವಿಷಯದಲ್ಲಿಯೂ ಜಗ್ಗಾಟವಾಯಿತು. ಅವರು ಫುಲ್ ಸಿಂಥೆಟಿಕ್ ಹಾಕೋಣ ಎಂದರು. ನಾನು ಸಾದಾ ಮಿನರಲ್ 20ಡಬ್ಲ್ಯು-40 ಸಾಕೆಂದೆ. ಕಾರ್ಖಾನೆಯಿಂದ ಬರುವ ಎಷ್ಟೋ ಹೊಸ ಕಾರುಗಳು ಸಿಂಥೆಟಿಕ್ ಆಯಿಲ್‌ನಲ್ಲೇ ಬರುತ್ತವೆ ಎಂಬ ಅವರ ವಾದ ಸುಳ್ಳಲ್ಲ, ಆದರೆ ಅಲ್ಲಿನ ಯಂತ್ರಗಳು ಮಾಡುವ ನಯವಾದ ಹೋನಿಂಗ್ ಬೇರೆ, ನಮ್ಮ ಲೇತ್ ಅಂಗಡಿಯ ಕೈಕೆಲಸ ಬೇರೆ. ಮೇಲಾಗಿ ಮೊದಲ ನೂರು ಕಿಲೋಮೀಟರಿನೊಳಗೇ ಚೆಲ್ಲಲಿರುವ ಆಯಿಲ್‌ಗೆ ದುಪ್ಪಟ್ಟು ಬೆಲೆ ತೆರುವಷ್ಟು ಸ್ಥಿತಿವಂತ ನಾನಲ್ಲ. ಆ ಮೊದಲ ಆಯಿಲ್ ಇಳಿಸಿದಾಗ ಟ್ರೇಯಲ್ಲಿ ಕಂಡದ್ದನ್ನು ಎಲ್ಲ ಕಾರು ಮಾಲೀಕರೂ ಒಮ್ಮೆ ನೋಡಬೇಕು: ಬಿಸಿಲಿಗೆ ಓರೆ ಹಿಡಿದರೆ ಬೆಳ್ಳಿಯ ಬಣ್ಣದ ಸಣ್ಣ ಹೊಳಪು ಸುಳಿಸುಳಿಯಾಗಿ ತಿರುಗುತ್ತಿತ್ತು. ಅಯಸ್ಕಾಂತ ಆಡಿಸಿದಾಗ ಅದಕ್ಕೆ ಕಪ್ಪು ಕೆಸರಿನಂತೆ ಅಂಟಿಕೊಂಡದ್ದು ರಿಂಗು ಮತ್ತು ಗೋಡೆಯ ಕಬ್ಬಿಣ. ಅಂಟದೆ ಉಳಿದ ಹೊಳಪು ಪಿಸ್ಟನ್ ಮತ್ತು ಬೇರಿಂಗಿನದು. ಕೈಗೆ ತಾಗುವಂಥ ಚೂರುಗಳು ಇರಲಿಲ್ಲ, ಅದೇ ಸಮಾಧಾನ. ಸಾವಿರ ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿದರಾಯಿತು ಎನ್ನುವವರು ಈ ಪುಡಿಯನ್ನು ಅಷ್ಟು ದೂರವೂ ಒಳಗೇ ಸುತ್ತಾಡಿಸುತ್ತಿರುತ್ತಾರೆ.

ರಸ್ತೆಯ ಆಯ್ಕೆಯಲ್ಲಿ ಮಾತ್ರ ನನಗೆ ಅನಿರೀಕ್ಷಿತವಾದ ಸುಖ ಸಿಕ್ಕಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಎಂಬತ್ತರಲ್ಲಿ ಕಾಲಿಟ್ಟು ಕುಳಿತರೆ ಮೈಸೂರು ಬಂದೇಬಿಡುತ್ತದೆ. ಹೊಸ ಎಂಜಿನ್ನಿಗೆ ಆಗಬಾರದ್ದೂ ಅದೇ, ಒಂದೇ ವೇಗದಲ್ಲಿ ಒಂದೇ ಸಮನೆ ಓಡುವುದು. ಆದ್ದರಿಂದ ನಾನು ಪಾಂಡವಪುರ, ಕೆ.ಆರ್.ಎಸ್., ಬೆಳಗೊಳದ ಹಳೆಯ ದಾರಿ ಹಿಡಿದೆ. ನಾವು ದಿನಬೆಳಗಾದರೆ ಬೈಯುವ ಆ ರಸ್ತೆಯ ಹಂಪುಗಳು, ಎರಡು ಟ್ರೈಲರ್ ಕಬ್ಬು ಹೇರಿಕೊಂಡು ತೆವಳುವ ಟ್ರ್ಯಾಕ್ಟರುಗಳು, ನಾಲೆಯ ಸೇತುವೆಗಳ ಸಣ್ಣ ಏರು, ಊರೊಳಗಿನ ತಿರುವುಗಳು, ಎಲ್ಲವೂ ಸೇರಿ ರನ್ನಿಂಗ್-ಇನ್‌ಗೆ, ಅಂದರೆ ಹೊಸ ಎಂಜಿನ್ನನ್ನು ಓಡಿಸಿ ಹದಕ್ಕೆ ತರುವುದಕ್ಕೆ, ಹೇಳಿ ಮಾಡಿಸಿದಂತಿದ್ದವು. ಟ್ರ್ಯಾಕ್ಟರಿನ ಹಿಂದೆ ಮೂರನೇ ಗೇರಿನಲ್ಲಿ ಮೂವತ್ತಕ್ಕೆ ಇಳಿದು, ಎದುರು ದಾರಿ ತೆರವಾದೊಡನೆ ಆಕ್ಸಿಲರೇಟರನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಒತ್ತಿ ಐವತ್ತೈದರವರೆಗೆ ಎಳೆಯಿಸಿ, ಕಾಲು ಪೂರ್ತಿ ತೆಗೆದು ಅದೇ ಗೇರಿನಲ್ಲೇ ವೇಗ ತಾನಾಗಿ ಇಳಿಯಲು ಬಿಡುವುದು: ಇದಿಷ್ಟೇ ನನ್ನ ಕ್ರಮ. ಎಳೆಯುವಾಗ ರಿಂಗಿಗೆ ಒತ್ತಡ ಸಿಗುತ್ತದೆ. ಕಾಲು ತೆಗೆದಾಗ ಸಿಲಿಂಡರಿನೊಳಗೆ ಉಂಟಾಗುವ ನಿರ್ವಾತವು ಸ್ವಲ್ಪ ಆಯಿಲನ್ನು ಮೇಲಕ್ಕೆ ಸೆಳೆದು ಗೋಡೆಯನ್ನು ತಣಿಸಿ ಪುಡಿಯನ್ನು ತೊಳೆಯುತ್ತದೆ. ಈ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಆದ್ದರಿಂದ ಕಿವಿಯೇ ಅಳತೆ. ಎಂಜಿನ್ ನರಳುವಷ್ಟು ಕಡಿಮೆ ವೇಗದಲ್ಲಿ ಮೇಲಿನ ಗೇರ್ ಹಾಕಬಾರದು, ಕಿರುಚುವಷ್ಟು ಎಳೆಯಲೂ ಬಾರದು. ಭಾರ ಸ್ವಲ್ಪ ಹೆಚ್ಚು ಬೇಕೆನಿಸಿದ ಭಾನುವಾರಗಳಲ್ಲಿ ಜಕ್ಕನಹಳ್ಳಿ ದಾಟಿ ಮೇಲುಕೋಟೆಯ ಏರು ಹತ್ತಿಸಿ, ಬಿಸಿಯ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟುಕೊಂಡು, ಮೇಲೆ ಪುಳಿಯೋಗರೆ ತಿಂದು ಎಂಜಿನ್ ಪೂರ್ತಿ ಆರಿದ ಮೇಲೆ ಇಳಿದದ್ದುಂಟು. ಆ ಖರ್ಚನ್ನೂ ರಿಂಗಿನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ದಿನವೂ ಬೆಳಿಗ್ಗೆ ಆಯಿಲ್ ಕಡ್ಡಿ ನೋಡುವುದು ನನಗೆ ಪೂಜೆಯಷ್ಟೇ ಕಟ್ಟುನಿಟ್ಟಾದ ಕೆಲಸವಾಯಿತು. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ರಾತ್ರಿಯಿಡೀ ತಣ್ಣಗಿರಬೇಕು, ಸ್ಟಾರ್ಟ್ ಮಾಡುವ ಮೊದಲೇ ನೋಡಬೇಕು. ಬಾನೆಟ್ ಎತ್ತಿ ಕಡ್ಡಿ ಎಳೆದು, ಹಳೆಯ ಬನಿಯನ್ ತುಂಡಿನಿಂದ ಒರೆಸಿ, ಮತ್ತೆ ತಳದವರೆಗೆ ಇಳಿಸಿ ಒಂದು ಕ್ಷಣ ಬಿಟ್ಟು ತೆಗೆಯುತ್ತೇನೆ. ಹೊಸ ಆಯಿಲ್ ಎಷ್ಟು ತಿಳಿಯಾಗಿರುತ್ತದೆಂದರೆ ಕಡ್ಡಿಯ ಮೇಲೆ ಅದು ಎಲ್ಲಿ ನಿಂತಿದೆ ಎಂಬುದೇ ಕಾಣುವುದಿಲ್ಲ; ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಎರಡು ಗುರುತುಗಳ ನಡುವೆ ಒಂದು ಒದ್ದೆ ಅಂಚು ಹೊಳೆಯುತ್ತದೆ. ಆ ಅಂಚನ್ನು ಹಿಂದಿನ ದಿನದ ಜಾಗದೊಂದಿಗೆ ಹೋಲಿಸಿ ನೋಡುವಾಗಿನ ಆತಂಕವನ್ನು ನಮ್ಮ ಮನೆಯವರು “ಫಲಿತಾಂಶ ಬಂತಾ?” ಎಂದು ಕೇಳಿ ಹಾಸ್ಯ ಮಾಡುತ್ತಿದ್ದರು.

ಮೊದಮೊದಲು ಅಂಚು ಇಳಿಯುತ್ತಲೇ ಇತ್ತು, ವರ್ಕ್‌ಶಾಪಿನವರ ಮೇಲೆ ನನ್ನ ಸಿಟ್ಟು ಅದಕ್ಕೆ ತಕ್ಕಂತೆ ಏರುತ್ತಲೇ ಇತ್ತು. ಹೊಸ ಎಂಜಿನ್ ಆರಂಭದಲ್ಲಿ ಸ್ವಲ್ಪ ಆಯಿಲ್ ಕುಡಿಯುವುದು ಸಹಜವೆಂದು ತಿಳಿದಿದ್ದರೂ ಮನಸ್ಸು ಕೇಳಬೇಕಲ್ಲ. ಎರಡನೇ ಸಲ ಆಯಿಲ್ ಬದಲಿಸಿದ ಬಳಿಕ ಅದು ನಿಂತಿತು. ಕಡ್ಡಿಯ ಮೇಲಿನ ಅಂಚು ವಾರ ಕಳೆದರೂ ಅಲ್ಲೇ ಇತ್ತು, ಸೈಲೆನ್ಸರ್ ಬಾಯಿಯ ಒದ್ದೆ ಮಸಿ ಒಣಗಿ ಬೂದುಬಣ್ಣಕ್ಕೆ ತಿರುಗಿತು, ಪ್ಲಗ್ಗಿನ ತುದಿ ತಿಳಿ ಕಂದಾಯಿತು. ಈಗ ಲೀಟರಿಗೆ ಹದಿನಾರು, ಹದಿನೇಳು ಕಿಲೋಮೀಟರ್ ಕೊಡುತ್ತಿದೆ. ಚಾಮುಂಡಿ ಬೆಟ್ಟಕ್ಕೆ ನಾಲ್ವರನ್ನು ಕೂರಿಸಿಕೊಂಡು ಹತ್ತುವಾಗ ಮೊದಲು ಎರಡನೇ ಗೇರಿಗೆ ಬೀಳುತ್ತಿದ್ದ ಕಡೆಗಳಲ್ಲಿ ಮೂರನೆಯದರಲ್ಲೇ ಎಳೆಯುತ್ತದೆ.

ಹೀಗಾಗಿ ಈಗ ಹಿಂತಿರುಗಿ ನೋಡಿದರೆ ವರ್ಕ್‌ಶಾಪಿನವರ ಬಾಯಿಮಾತಿನ ಮೇಲೆ ನನ್ನ ದೂರು ಇದ್ದೇ ಇದೆ, ಕೈಕೆಲಸದ ಮೇಲೆ ಇಲ್ಲ. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಆಯಿಲ್ ದೀಪ ಆರುವವರೆಗೆ ಬರಿದೇ ಸೆಲ್ಫ್ ಹೊಡೆದು ಬೇರಿಂಗುಗಳಿಗೆ ಆಯಿಲ್ ಮುಟ್ಟಿಸಿದ್ದನ್ನು ನಾನೇ ನಿಂತು ನೋಡಿದ್ದೇನೆ; ಟೈಮಿಂಗ್ ಬೆಲ್ಟನ್ನು ಕೇಳದೆಯೇ ಹೊಸದು ಹಾಕಿದ್ದರು, ಟ್ಯಾಪೆಟ್ ಬಿಡುವನ್ನು (ವಾಲ್ವುಗಳ ಬಳಿಯ ಸಣ್ಣ ಸಂದನ್ನು) ಕೆಲವು ದಿನ ಓಡಿಸಿದ ಮೇಲೆ ಹಣವಿಲ್ಲದೆ ಮತ್ತೆ ಹೊಂದಿಸಿಕೊಟ್ಟರು. ಉಳಿದಿರುವ ಕೊರತೆಯೆಂದರೆ ಬಿಲ್ಲಿನಲ್ಲಿ “ಎಂಜಿನ್ ಕೆಲಸ” ಎಂದು ಬರೆದಿದ್ದಾರೆಯೇ ಹೊರತು ಬೋರ್ ಎಷ್ಟಕ್ಕೆ ಹೋಗಿದೆ ಎಂಬುದು ಇಲ್ಲ. ಲೇತ್ ಅಂಗಡಿಗೆ ನಾನೇ ಹೋಗಿ ಕೇಳಿ ತಿಳಿದದ್ದು 0.50 ಎಂದು, ಅಂದರೆ 68.5 ಮಿ.ಮೀ. ಇದ್ದ ಸಿಲಿಂಡರಿನ ವ್ಯಾಸ ಈಗ 69. ಆ ಅಳತೆಯನ್ನು ಬಾನೆಟ್ಟಿನ ಒಳಮೈಗೆ ಪೇಂಟಿನಲ್ಲಿ ಬರೆಸಿದ್ದೇನೆ, ಏಕೆಂದರೆ ಇದು ತಿಳಿಯದೆ ಮುಂದಿನ ಖರ್ಚಿನ ಅಂದಾಜು ಯಾರಿಗೂ ಸಿಗುವುದಿಲ್ಲ.

ಇದೇ ಕಾರಣಕ್ಕೆ ಈ ಕೆಲಸಕ್ಕೆ ಕೈಹಾಕುವವರು ಹೆಡ್ ಬಿಚ್ಚಿದ ದಿನವೇ ಸಿಲಿಂಡರ್ ಅಳೆಯಿಸಿ, ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ಇನ್ನೂ ಸ್ಟ್ಯಾಂಡರ್ಡ್ ಅಳತೆಯಲ್ಲೋ 0.25ರಲ್ಲೋ ಇದ್ದರೆ ಧೈರ್ಯವಾಗಿ ಬೋರ್ ಮಾಡಿಸಬಹುದು. 0.50 ಆಗಿಹೋಗಿದ್ದರೆ ಸ್ಲೀವ್, ಅಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಕೂರಿಸಬೇಕಾಗುತ್ತದೆ. ಆ ಖರ್ಚು ಸೇರಿದ ಮೇಲೆ ನನ್ನಂಥವರ ಲೆಕ್ಕಕ್ಕೆ 800 ಹೊಂದುವುದಿಲ್ಲ, ಆಗ ಕೊಳ್ಳುವವರಿಗೆ ಕೊಟ್ಟುಬಿಡುವುದೇ ವಾಸಿ.