ಬ್ರೂಮ್‌ನಿಂದ ಕೇಪ್ ಲೆವೆಕ್ ಕಡೆ ಹೋಗುವವರೇ, ಭರತದ (ಸಮುದ್ರದ ನೀರು ಏರುವ) ಹೊತ್ತು ನೋಡದೆ ಮರಳಿಗೆ ಕಾರು ಇಳಿಸಬೇಡಿ

ಪರ್ತ್‌ನಲ್ಲಿರುವ ನಮ್ಮವರು ಜುಲೈ ರಜೆಗೆ ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ಕರಾವಳಿಯ ಬ್ರೂಮ್‌ಗೆ ಹೋಗುವುದುಂಟು. ಅಲ್ಲಿಂದ ಉತ್ತರಕ್ಕೆ, ಡ್ಯಾಂಪಿಯರ್ ಪರ್ಯಾಯ ದ್ವೀಪದ ತುದಿಯಲ್ಲಿರುವ ಕೇಪ್ ಲೆವೆಕ್‌ವರೆಗೆ ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಹೋದ ವರ್ಷ ಅತ್ತೆ, ಇಬ್ಬರು ಮಕ್ಕಳು, ನಾವಿಬ್ಬರು ಹೋಗಿ ತುಂಬಾ ಹೆದರಿ ವಾಪಸ್ ಬಂದೆವು.

2020ರ ಕೊನೆಗೆ ಆ ರಸ್ತೆಗೆ ಪೂರ್ತಿ ಡಾಂಬರು ಬಿತ್ತು. ಸುಮಾರು 200 ಕಿ.ಮೀ. ದಾರಿ. ಅದನ್ನು ಕೇಳಿಯೇ ನಮಗೆ ಧೈರ್ಯ ಬಂದದ್ದು. ಆದರೆ ಡಾಂಬರು ಇರುವುದು ಮುಖ್ಯ ರಸ್ತೆಗೆ. ಬೀಚ್‌ಗೆ ಹೋಗುವ ಎಷ್ಟೋ ಅಡ್ಡದಾರಿಗಳು ಈಗಲೂ ಕೆಂಪು ಮಣ್ಣು, ಸಡಿಲ ಮರಳು.

ಮೊದಲು ಬೀಗಲ್ ಬೇ ಊರಿನ ಚರ್ಚ್ ನೋಡಿದೆವು. 1918ರದ್ದು. ಬಲಿಪೀಠದ ತುಂಬ ಮುತ್ತಿನ ಚಿಪ್ಪು ಹೊಳೆಯುತ್ತದೆ. ಅತ್ತೆ ಅಲ್ಲಿಂದ ಏಳಲೇ ಒಲ್ಲರು. ಅಷ್ಟಕ್ಕೇ ತೃಪ್ತಿಪಡಬೇಕಿತ್ತು. ಮುಂದೆ ಬೋರ್ಡ್ ಇಲ್ಲದ ಒಂದು ದಾರಿ ಕಂಡು ಸಮುದ್ರದ ಕಡೆ ತಿರುಗಿದೆವು.

ನಾವು ಕುಂದಾಪುರದವರು, ಸಮುದ್ರ ನಮಗೆ ಗೊತ್ತು ಅಂದುಕೊಂಡಿದ್ದೆವು. ನಮ್ಮೂರಲ್ಲಿ ನೀರು ಒಂದೆರಡು ಮೀಟರ್ ಏರಿ ಇಳಿಯುತ್ತದೆ, ಅಷ್ಟೇ ಅಲ್ವಾ? ಬ್ರೂಮ್ ಕಡೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತಕ್ಕೂ ಭರತಕ್ಕೂ 9 ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಮೂರು ಮಹಡಿ ಎತ್ತರದ ನೀರು, ಸುಮಾರು ಆರೇ ಗಂಟೆಯಲ್ಲಿ. ನಾವು ಹೋದದ್ದು ಹುಣ್ಣಿಮೆ ಕಳೆದ ಎರಡನೇ ದಿನ. ಗಟ್ಟಿ ಮರಳಿನ ಮೇಲೆ ಕಾರು ನಿಲ್ಲಿಸಿ ಪುಳಿಯೋಗರೆ ತಿಂದೆವು. ಹೊರಡುವಾಗ ಹಿಂದಿನ ಚಕ್ರ ಹೂತುಹೋಯಿತು. ಎಕ್ಸಲರೇಟರ್ ಒತ್ತಿದಷ್ಟೂ ಕೆಳಗಿಳಿಯಿತು. ಫೋನಿಗೆ ಸಿಗ್ನಲ್ ಇಲ್ಲ. ಸಲಿಕೆ ಇಲ್ಲ. ಚಿಕ್ಕವಳು "ಅಮ್ಮಾ, ನೀರು ಹತ್ರ ಬಂತು" ಅಂದಾಗ ನನ್ನ ಕೈಕಾಲು ತಣ್ಣಗಾಯಿತು. ಆ ನೀರಲ್ಲಿ ಮೊಸಳೆಗಳೂ ಇರುತ್ತವೆ.

ನಮ್ಮ ಪುಣ್ಯಕ್ಕೆ ಅಲ್ಲಿನ ಮೂಲನಿವಾಸಿಗಳಾದ ಬಾರ್ಡಿ ಜನಾಂಗದ ಹಿರಿಯರೊಬ್ಬರು ಮಗಳ ಜೊತೆ ಮೀನಿಗೆ ಬಂದಿದ್ದರು. ಚಕ್ರಗಳ ಗಾಳಿ ಅರ್ಧಕ್ಕರ್ಧ ಇಳಿಸಿ, ಮರಳು ಬಗೆದು, ತಮ್ಮ ಗಾಡಿಗೆ ಕಟ್ಟಿ ಎಳೆದರು. ಆಮೇಲೆ ಮೆಲ್ಲಗೆ ಹೇಳಿದರು: "ಇದು ನಮ್ಮ ಮನೆತನದ ಜಾಗ. ಊರಲ್ಲಿ ಸಾವಾಗಿದೆ, ಈ ವಾರ ಹೊರಗಿನವರು ಬರಬಾರದಿತ್ತು." ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸೂತಕದ ಮನೆಗೆ ಕೇಳದೆ ನುಗ್ಗಿದ ಹಾಗಾಯಿತು. ಅತ್ತೆ ಕೈಮುಗಿದು ಕ್ಷಮೆ ಕೇಳಿದರು.

ಕಾರು ಬಾಡಿಗೆಯ ಕರಾರಿನಲ್ಲಿ ಬೀಚ್ ಮೇಲೆ ಓಡಿಸಿದರೆ ವಿಮೆ ಇಲ್ಲ ಎಂದಿತ್ತು. ಉಪ್ಪುನೀರು ತಾಗಿದ್ದಕ್ಕೆ ದೊಡ್ಡ ಮೊತ್ತವನ್ನೇ ಕಟ್ಟಿದೆವು.

ಹೊರಡುವ ಹಿಂದಿನ ದಿನವೇ ಬ್ರೂಮ್‌ನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಯಾವ ಊರು ತೆರೆದಿದೆ, ಎಲ್ಲಿಗೆ ಅನುಮತಿ ಬೇಕು ಎಂದು ಕೇಳಿ. ಹವಾಮಾನ ಇಲಾಖೆಯ ಭರತದ ಪಟ್ಟಿ ನೋಡಿ. ಬೋರ್ಡ್ ಇಲ್ಲದ ದಾರಿಗೆ ತಿರುಗಲೇಬೇಡಿ. ಕತ್ತಲಾಗುವ ಮೊದಲು ವಾಪಸ್ ಬನ್ನಿ, ರಸ್ತೆಗೆ ದನ, ಕಾಂಗರೂ ಅಡ್ಡ ಬರುತ್ತವೆ. ಆಮೇಲೆ ನಾವು ಟೈರಿನ ಗಾಳಿ ಪಂಪ್, ಮೀಟರ್ ಕೊಂಡಿದ್ದೇವೆ. ಪರ್ತ್‌ನಿಂದ ಹೋಗುವವರು ಕೇಳಿ, ಕೊಡುತ್ತೇನೆ.