ಬಾಡಿಗೆ ಮನೆ ಹಿತ್ತಲಿಗೆ ತೆಂಗಿನ ನಾರಿನ ಬಲೆ, ಮೇಲೆ ಗರಿಕೆ: ನಾಯಿ ಸಮೇತ ಎರಡೂವರೆ ವರ್ಷ

ನಮ್ಮದು ತುಮಕೂರಿನಲ್ಲಿ ಬಾಡಿಗೆ ಮನೆ. ಹಿಂದೆ 20 ಅಡಿಗೆ 18 ಅಡಿ ಹಿತ್ತಲು, ಪೂರ್ತಿ ಕೆಮ್ಮಣ್ಣು. ಬೀದಿಯಿಂದ ಬಂದು ಸೇರಿಕೊಂಡ ಹೆಣ್ಣುನಾಯಿ ಒಂದಿದೆ. ಹೆಸರು ಗುಂಡಮ್ಮ, ಕಸುಬು ಗುಂಡಿ ತೋಡುವುದು. ಮಳೆ ಬಂತೆಂದರೆ ಮೊದಲು ಅವಳ ಕಾಲು ಕೆಂಪು, ಆಮೇಲೆ ಹಾಲ್ ಕೆಂಪು, ಕೊನೆಗೆ ದಿವಾನ್ ಮೇಲಿನ ಹೊದಿಕೆಯೂ ಕೆಂಪು. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಅಡುಗೆಮನೆಗೆ ಬರುತ್ತಿತ್ತು.

ಓನರ್ ಅಂಕಲ್ ಮಹಡಿಯಲ್ಲೇ ಇದ್ದಾರೆ. "ಸಿಮೆಂಟು ಗಿಮೆಂಟು ಏನೂ ಹಾಕ್ಬೇಡಿ, ಖಾಲಿ ಮಾಡೋವಾಗ ಹೆಂಗಿತ್ತೋ ಹಂಗೇ ಕೊಡ್ಬೇಕು" ಅಂತ ಮೊದಲ ದಿನವೇ ಹೇಳಿದ್ದರು. ಅಡ್ವಾನ್ಸು ಅವರ ಕೈಯಲ್ಲಿದೆ, ಅಗ್ರಿಮೆಂಟು 11 ತಿಂಗಳದ್ದು. ಹಾಗಾಗಿ ಏನೇ ಹಾಸಿದರೂ ಹೋಗುವಾಗ ಸುತ್ತಿಕೊಂಡು ಹೋಗುವಂತಿರಬೇಕು, ಇಲ್ಲವೇ ಅಲ್ಲೇ ಕೊಳೆತು ಮಣ್ಣಾಗಬೇಕು.

ಮೊದಲು ಎಂ-ಸ್ಯಾಂಡ್ ಹರಡಿಸಿದೆ. ಬೀದಿಯ ಬೆಕ್ಕುಗಳೆಲ್ಲ ಅದನ್ನು ತಮ್ಮ ಕಕ್ಕಸು ಮಾಡಿಕೊಂಡವು. ಪ್ಲಾಸ್ಟಿಕ್ ಹುಲ್ಲು ಚದರಡಿಗೆ 50 ರೂಪಾಯಿ ಅಂದರು, ನಮ್ಮ ಜಾಗಕ್ಕೆ 18,000. ನೋಡೋಣ ಅಂತ ಆರಡಿ ತುಂಡು ಮಾತ್ರ ತಂದು ಹಾಸಿದೆ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟೆ, ದೋಸೆಕಲ್ಲು. ಗುಂಡಮ್ಮ ಅದರ ಮೇಲೆ ಉಚ್ಚೆ ಹೊಯ್ಯುವುದಕ್ಕೆ ಬಿಟ್ಟು ಬೇರಾವುದಕ್ಕೂ ಹೋಗಲಿಲ್ಲ, ಆ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ. ಚಿಕ್ಕಮಗಳೂರಿನ ಗೆಳೆಯ ಕಾಫಿ ಸಿಪ್ಪೆ ಪುಕ್ಕಟೆ ಕಳಿಸುತ್ತೇನೆ ಅಂದ. ಬೇಡ ಅಂದೆ. ಅದರಲ್ಲಿ ಕೆಫೀನ್ ಇರುತ್ತದೆ, ನಾಯಿ ತಿಂದರೆ ವಿಷ. ಕೋಕೋ ಸಿಪ್ಪೆಯೂ ಅಷ್ಟೇ. ಚಾಕೊಲೇಟ್ ನಾಯಿಗೆ ಯಾಕೆ ಆಗದೋ ಅದೇ ಕಾರಣಕ್ಕೆ ಅದೂ ಆಗದು.

ಕೊನೆಗೆ ತಂದದ್ದು ತೆಂಗಿನ ನಾರಿನ ಬಲೆ. ಅಂಗಡಿಯಲ್ಲಿ ಕಾಯರ್ ಮ್ಯಾಟ್ ಅಂದರೆ ಬಾಗಿಲ ಮುಂದೆ ಹಾಕುವ ಕಾಲೊರೆಸು ಕೊಡುತ್ತಾರೆ, ಅದಲ್ಲ. ರಸ್ತೆಯ ಏರಿ, ಕಾಲುವೆ ದಂಡೆಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ಹಾಸುತ್ತಾರಲ್ಲ, ಹುರಿ ಹಗ್ಗದಲ್ಲಿ ನೇಯ್ದದ್ದು, ಅದು. 400, 700, 900 ಅಂತ ನಂಬರ್ ಇರುತ್ತದೆ. ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಕ ಅಂತ. ನಮ್ಮ ಕಡೆ ತೆಂಗಿಗೇನು ಬರ, ಸ್ಥಳೀಯ ನಾರಿನ ಘಟಕವೊಂದರಲ್ಲೇ 700ರದ್ದು ಸಿಕ್ಕಿತು. ಒಂದು ಮೀಟರ್ ಅಗಲ, 40 ಮೀಟರ್ ಉದ್ದ, 28 ಕೆಜಿ, 3,000 ರೂಪಾಯಿ. ಆಟೋದಲ್ಲೇ ಬಂತು. ವೆಲ್ಡಿಂಗ್ ಅಂಗಡಿಯವನು 6 ಎಂಎಂ ಕಂಬಿ ಬಗ್ಗಿಸಿ 60 ಕೊಕ್ಕೆ ಮಾಡಿಕೊಟ್ಟ. ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ.

ಏಳು ಪಟ್ಟಿ ಕತ್ತರಿಸಿ, ಅಂಚುಗಳು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿದೆ. ಕೊಕ್ಕೆಯ ತಲೆ ಪೂರ್ತಿ ನೆಲದೊಳಕ್ಕೆ ಇಳಿಯುವ ತನಕ ಬಡಿಯಬೇಕು. ನನ್ನದೊಂದು ಮೇಲೆದ್ದಿತ್ತು, ಗುಂಡಮ್ಮನ ಉಗುರು ಸಿಕ್ಕಿಕೊಂಡು ಮೂರು ದಿನ ಕುಂಟಿದಳು. ಇನ್ನೊಂದನ್ನು ಯಾರೂ ಹೇಳಿರಲಿಲ್ಲ: ಹೊಸ ನಾರು ಮೊದಲ ಮಳೆಗೆ ಚಹಾ ಡಿಕಾಕ್ಷನ್ನಿನಂಥ ನೀರು ಬಿಡುತ್ತದೆ. ಎರಡು ವಾರ ನಮ್ಮ ಬಿಳಿ ಟೈಲ್ಸ್ ಮೇಲೆ ಕೆಂಪು ಹೆಜ್ಜೆಯ ಬದಲು ಕಂದು ಹೆಜ್ಜೆ. ಹಾಸುವ ಮೊದಲೇ ಎರಡು ಸಲ ನೆನೆಸಿ ಒಣಗಿಸಿದ್ದರೆ ಆ ಪಾಡಿರುತ್ತಿರಲಿಲ್ಲ.

ಬಲೆಯ ಕಣ್ಣುಗಳಲ್ಲಿ ಗರಿಕೆ ನೆಟ್ಟೆ. ದುಡ್ಡು ಕೊಟ್ಟು ತರಲು ಹೊರಟಿದ್ದೆ, ಪರಿಚಯದ ರೈತರೊಬ್ಬರು ನಕ್ಕುಬಿಟ್ಟರು. "ನಮ್ಮ ಹೊಲದ ಬದುಗೆ ಬನ್ನಿ ಸಾರ್, ಕಿತ್ಕೊಂಡು ಹೋಗಿ, ಕೂಲಿ ನಾನೇ ಕೊಡ್ತೀನಿ." ಒಂದು ಗೋಣಿಚೀಲ ತಂದು, ಗೆಣ್ಣು ಗೆಣ್ಣಾಗಿ ಕತ್ತರಿಸಿ, ಜೂನ್ ಮಳೆಗೆ ಊರಿದೆ. ಹಿತ್ತಲನ್ನು ಹಸಿರು ಶೇಡ್ ನೆಟ್ಟಿನಿಂದ ಎರಡು ಭಾಗ ಮಾಡಿ, ಒಂದು ಕಡೆ ಹಿಡಿದುಕೊಳ್ಳುವ ತನಕ ಇನ್ನೊಂದು ಕಡೆ ನಾಯಿಗೆ ಬಿಟ್ಟೆ. ಪ್ರತಿ ಭಾಗಕ್ಕೂ ಆರು ವಾರ ಬೇಕಾಯಿತು. ಆ ಆರು ವಾರ ತಾಳ್ಮೆ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಆಮೇಲೆ ಸುಖ. ಗುಂಡಿ ತೋಡಲು ಬಂದರೆ ಉಗುರಿಗೆ ಹಗ್ಗ ತಾಗುತ್ತದೆ, ಅವಳೇ ಬೇಸರಪಟ್ಟು ಬಿಡುತ್ತಾಳೆ. ಹೊಟ್ಟೆ ಸರಿಯಿಲ್ಲದಾಗ ಗರಿಕೆ ಕಚ್ಚಿ ತಿನ್ನುತ್ತಾಳೆ, ಏನೂ ಆಗಿಲ್ಲ. ಗಣೇಶನ ಹಬ್ಬಕ್ಕೆ ಪಕ್ಕದ ಮನೆ ಆಂಟಿ "ನಿಮ್ಮ ಹಿತ್ತಲಲ್ಲಿ ಗರಿಕೆ ಚೆನ್ನಾಗಿದೆಯಲ್ಲ, ಒಂದಿಷ್ಟು ಕೊಡಿ" ಅಂದರು. ಅದಕ್ಕೆ ದಿನಾ ಯಾರು ಅಭಿಷೇಕ ಮಾಡುತ್ತಾರೆ ಅಂತ ಹೇಗೆ ಹೇಳಲಿ! ಮಾರ್ಕೆಟ್ಟಿಂದ ತಂದುಕೊಟ್ಟೆ.

ಆ ಅಭಿಷೇಕವೇ ಒಂದು ತೊಂದರೆ. ಉಚ್ಚೆ ಬಿದ್ದಲ್ಲಿ ನಡುವೆ ತಟ್ಟೆಯಷ್ಟಗಲ ಹಳದಿ, ಸುತ್ತ ಕಡುಹಸಿರು ಬಳೆ. ಅದೇ ಯೂರಿಯಾ ಕತೆ. ಹೆಚ್ಚಾದರೆ ಸುಡುತ್ತದೆ, ಹಿತವಾದರೆ ಗೊಬ್ಬರ. ಅವಳು ಹೊಯ್ದು ಎದ್ದ ಕೂಡಲೇ ಅಲ್ಲಿಗೆ ಒಂದು ದೊಡ್ಡ ಚೊಂಬು ನೀರು ಸುರಿದರೆ ಸುಡುವುದಿಲ್ಲ.

ಅಡುಗೆಮನೆ ಗೋಡೆಯ ನೆರಳಿನ ನಾಲ್ಕಡಿಯಲ್ಲಿ ಗರಿಕೆ ಬರಲೇ ಇಲ್ಲ, ಅದಕ್ಕೆ ಬಿಸಿಲು ಬೇಕೇ ಬೇಕು. ಅಲ್ಲಿ ಯಾರೋ ಅಡುಗೆಕಟ್ಟೆ ಒಡೆಸಿ ಬಿಸಾಡಿದ ಕಡಪಾ ಕಲ್ಲು ತಂದು, ಉಳಿದಿದ್ದ ಎಂ-ಸ್ಯಾಂಡ್ ಮೇಲೆ ಗಾರೆ ಇಲ್ಲದೆ ಕೂರಿಸಿದೆ. ನೆರಳಲ್ಲಿರುವುದರಿಂದ ತಣ್ಣಗಿರುತ್ತದೆ. ಮೇ ತಿಂಗಳೆಲ್ಲ ಅವಳು ಮಲಗಿದ್ದು ಅದರ ಮೇಲೆ, ನನ್ನ ನಾಲ್ಕು ಸಾವಿರದ ಮೇಲಲ್ಲ.

ನಿಜವಾಗಿ ನೋವು ಕೊಟ್ಟದ್ದು ಉಣ್ಣಿ. ಎರಡನೇ ಮಳೆಗಾಲದಲ್ಲಿ ಹುಲ್ಲು ಗೇಣುದ್ದ ಬೆಳೆಯಲು ಬಿಟ್ಟಿದ್ದೆ, ಗುಂಡಮ್ಮನಿಗೆ ಟಿಕ್ ಫೀವರ್ ಬಂತು. ಅನ್ನ ಬಿಟ್ಟಳು, ಪ್ಲೇಟ್‌ಲೆಟ್ ಇಳಿಯಿತು. ಆಸ್ಪತ್ರೆ ಖರ್ಚು ಬಲೆಯ ಖರ್ಚನ್ನು ಮೀರಿಸಿತು. ಹುಲ್ಲೊಂದನ್ನೇ ದೂರಿ ಪ್ರಯೋಜನವಿಲ್ಲ; ಉಣ್ಣಿ ಗೋಡೆಯ ಬಿರುಕಲ್ಲೂ ಮೊಟ್ಟೆ ಇಡುತ್ತದೆ ಅಂತ ಡಾಕ್ಟರು ಟಾರ್ಚ್ ಹಾಕಿ ನೋಡಲು ಹೇಳಿದರು. ನೋಡಿದೆ, ಕಾಂಪೌಂಡಿನ ಸಂದಿಯಲ್ಲಿ ಸಾಲಾಗಿ ಕೂತಿದ್ದವು. ಆ ಬಿರುಕು ಮುಚ್ಚಲು ಮಾತ್ರ ಓನರ್ ಅಂಕಲ್ ಸಿಮೆಂಟಿಗೆ ಒಪ್ಪಿದರು. ಈಗ ಹುಲ್ಲನ್ನು ಎರಡು ಬೆರಳಿಗಿಂತ ಎತ್ತರ ಬಿಡುವುದಿಲ್ಲ, ಕುಡುಗೋಲಿನಲ್ಲಿ ಸವರುತ್ತೇನೆ. ನಾಯಿಗೆ ಪ್ರತಿ ತಿಂಗಳು ಉಣ್ಣಿಯ ಔಷಧಿ ತಪ್ಪಿಸುವುದಿಲ್ಲ.

ಎರಡೂವರೆ ವರ್ಷಕ್ಕೆ ಬಲೆ ಬಹುಪಾಲು ಕಡೆ ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅದು ಆಗಬೇಕಾದ್ದೇ, ಈಗ ಮಣ್ಣನ್ನು ಹಿಡಿದಿರುವುದು ಗರಿಕೆಯ ಬೇರು. ಸೋತದ್ದು ಒಂದೇ ಜಾಗ: ಹಾಲಿನವನ ಬೈಕ್ ಕೇಳಿದರೆ ಅವಳು ಬೊಗಳುತ್ತ ಓಡುವ ಕಾಂಪೌಂಡಿನ ಪಕ್ಕದ ಒಂದಡಿ ದಾರಿ. ಅಲ್ಲಿ ವರ್ಷದೊಳಗೇ ಬಲೆ ಹರಿದು ಕೆಮ್ಮಣ್ಣು ಕಂಡಿತ್ತು. ಜೂನ್ ಬರುವಷ್ಟರಲ್ಲಿ ಅಷ್ಟಕ್ಕೆ ಮಾತ್ರ 900ರದ್ದು ಆರು ಮೀಟರ್ ತರಬೇಕು. ಕೊಕ್ಕೆ ಹಳೆಯವೇ ಸಾಕು. ಆ ಸಾಲಿನ 14ರಲ್ಲಿ 12 ಕಿತ್ತಿದ್ದೇನೆ, ಎರಡು ಸಿಕ್ಕಿಲ್ಲ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಗ್ಗಕ್ಕೆ ಕಟ್ಟಿ ಎಳೆದು ಹುಡುಕುತ್ತಿದ್ದೇನೆ. ನಾನು ಕೆದಕಿದ ಕಡೆಯೆಲ್ಲ ಗುಂಡಮ್ಮನೂ ಹಿಂದೆಯೇ ಬಂದು ಕೆದಕುತ್ತಿದ್ದಾಳೆ.