ಮಾಫಿಯಾ ಸರಣಿಯ ಆಟಗಳು: ಒಂದನ್ನೇ ಕೊಳ್ಳುವುದಾದರೆ ಯಾವುದನ್ನು?

ಮಳೆ ಹಿಡಿದು ಸಕಲೇಶಪುರದ ಕಡೆಯ ಓಡಾಟವೆಲ್ಲ ನಿಂತಿದ್ದ ಎರಡು ತಿಂಗಳಲ್ಲಿ, ಹಾಸನದ ಮನೆಯಲ್ಲಿ ಕುಳಿತು, ಕೊನೆಯದೊಂದನ್ನು ಬಿಟ್ಟು, ಮಾಫಿಯಾ ಸರಣಿಯ ಆಟಗಳನ್ನು ಒಂದೇ ಕಂಪ್ಯೂಟರಿನಲ್ಲಿ ಒಂದರ ಬೆನ್ನಿಗೆ ಒಂದರಂತೆ ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದೆ. ಈ ವರ್ಷ ಇಂಜಿನಿಯರಿಂಗ್ ಮುಗಿಸಿರುವ ನನ್ನ ಅಕ್ಕನ ಮಗ, "ಮಾವ, ಒಂದನ್ನೇ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?" ಎಂದು ಕೇಳಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಕೊಲೆ, ರಕ್ತ, ಒರಟು ಮಾತು ಎಲ್ಲವೂ ಇರುವ ಈ ಆಟಗಳು ವಯಸ್ಕರಿಗೆ ಮಾತ್ರ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ತಲೆಮಾರಿನ ಹುಡುಗರು ಬಸ್ ನಿಲ್ದಾಣದ ಸಮೀಪದ ಸೈಬರ್ ಸೆಂಟರುಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದುದು ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ವೈಸ್ ಸಿಟಿಯನ್ನು. ಅದು ಹೊರಬಂದದ್ದೂ ಮೊದಲ ಮಾಫಿಯಾ ಹೊರಬಂದದ್ದೂ 2002ರಲ್ಲೇ. ವೈಸ್ ಸಿಟಿಯಲ್ಲಿ ಊರು ನಮ್ಮ ಕೈಯೊಳಗಿನ ಆಟಿಕೆಯಾಗಿತ್ತು. ಮಾಫಿಯಾದಲ್ಲಿ ಊರಿನ ಕಟ್ಟಳೆಗೆ ನಾವು ಬಗ್ಗಿ ನಡೆಯಬೇಕಿತ್ತು. ಈ ಸರಣಿಯ ಆಟಗಳನ್ನು ಪರಸ್ಪರ ತೂಗಿ ನೋಡಲು ನಾನು ಹಿಡಿದ ಅಳತೆಗೋಲು ಇದೇ: ಊರು ನಮ್ಮನ್ನು ಎಷ್ಟು ಬಗ್ಗಿಸುತ್ತದೆ, ಅದರಿಂದ ಕಥೆಯ ಭಾರ ಎಷ್ಟು ಹೆಚ್ಚುತ್ತದೆ.

ಚೆಕ್ ದೇಶದ ಬ್ರನೋ ನಗರದ ಇಲ್ಯೂಷನ್ ಸಾಫ್ಟ್‌ವರ್ಕ್ಸ್ ತಯಾರಿಸಿದ ಮೊದಲ ಆಟದಲ್ಲಿ, 1930ರ ದಶಕದ ಲಾಸ್ಟ್ ಹೆವನ್ ಎಂಬ ಕಲ್ಪಿತ ಅಮೆರಿಕನ್ ನಗರದ ಟ್ಯಾಕ್ಸಿ ಚಾಲಕ ಟಾಮಿ ಏಂಜೆಲೋ, ಒಂದು ರಾತ್ರಿ ಬಂದೂಕಿನ ಬೆದರಿಕೆಗೆ ಸಿಲುಕಿ ಇಬ್ಬರು ಪಾತಕಿಗಳನ್ನು ಪಾರುಮಾಡಿ, ಆ ಮೂಲಕ ಅವರ ನಾಯಕ ಡಾನ್ ಸಾಲಿಯೇರಿಯ ಬಳಗಕ್ಕೆ ಸೇರುತ್ತಾನೆ. ಇಲ್ಲಿ ವೇಗದ ಮಿತಿ ಮೀರಿದರೂ ಕೆಂಪು ದೀಪ ದಾಟಿದರೂ ಪೊಲೀಸರು ಅಡ್ಡಗಟ್ಟಿ ದಂಡ ಹಾಕುತ್ತಾರೆ. ಬಂದೂಕು ಕೈಯಲ್ಲಿ ಕಂಡರಂತೂ ಬೆನ್ನಟ್ಟುತ್ತಾರೆ. ವೇಗ ಮಿತಿ ದಾಟದಂತೆ ಕಾರನ್ನು ಹಿಡಿದಿಡಲು ಎಫ್ 5 ಗುಂಡಿಯನ್ನೇ ಕೊಟ್ಟಿದ್ದಾರೆ, ಮತ್ತು ಆ ಗುಂಡಿಯನ್ನು ನಾನು ಬಂದೂಕಿನ ಗುಂಡಿಗಿಂತ ಹೆಚ್ಚು ಸಲ ಒತ್ತಿದ್ದೇನೆ. ಆರಂಭದ ಕಾರುಗಳಿಗೆ ಏರು ಹತ್ತುವ ಶಕ್ತಿಯೇ ಇಲ್ಲ. ನಮ್ಮ ತಂದೆಯವರ ಹಳೆಯ ಅಂಬಾಸಿಡರ್ ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿ ಹತ್ತಿ ದೋಣಿಗಲ್ ಸೇರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಗೇರು ಇಳಿಸಿ, ಹಿಂದಿನ ಲಾರಿಯವರ ಹಾರ್ನಿಗೆ ಕಿವಿಗೊಡದೆ ಅವರು ಓಡಿಸುತ್ತಿದ್ದ ರೀತಿಯಲ್ಲೇ ಲಾಸ್ಟ್ ಹೆವನ್ನಿನ ಏರುಗಳನ್ನೂ ಹತ್ತಬೇಕಾಗುತ್ತದೆ. ಕೊಲೆಗೆಂದು ಹೊರಟವನು ಸಿಗ್ನಲ್ಲಿನಲ್ಲಿ ಕಾಯುತ್ತ ನಿಂತಾಗ, ಮುಂದೆ ಮಾಡಲಿರುವ ಕೆಲಸವನ್ನು ಕುರಿತು ಯೋಚಿಸದೆ ಬೇರೆ ದಾರಿಯಿಲ್ಲ. ಆ ಕಾಯುವಿಕೆಯನ್ನು ನಾನು ಈ ಆಟದ ಅತ್ಯುತ್ತಮ ಗುಣವೆಂದು ಎಣಿಸುತ್ತೇನೆ.

ಕಷ್ಟವೂ ಇದೆ. ಕಾರಿನ ರೇಸ್ ಇರುವ ಮಿಷನ್, ಅಂದರೆ ಕಥೆ ಮುಂದುವರಿಯಲು ಗೆಲ್ಲಲೇಬೇಕಾದ ಘಟ್ಟ, ಎಷ್ಟೋ ಜನರನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಿದೆ. ಹಿಂದಿನ ರಾತ್ರಿ ಎದುರಾಳಿಯ ಕಾರನ್ನು ಕದ್ದೊಯ್ದು ಕೆಡಿಸಿ ತಂದಿಡಬೇಕು, ಮರುದಿನ ಸ್ವತಃ ಟಾಮಿಯೇ ರೇಸಿಗೆ ಇಳಿಯಬೇಕು. ತಿರುವಿನಲ್ಲಿ ಬ್ರೇಕ್ ಒಂದು ಕ್ಷಣ ತಡವಾದರೆ ಹಿಂದಿನ ಚಕ್ರ ಜಾರಿ, ಕಾರು ಸುತ್ತು ಹೊಡೆದು, ಎದುರಾಳಿಗಳೆಲ್ಲ ಮುಂದೆ ಹೋಗಿಬಿಡುತ್ತಾರೆ. ಸೈಬರ್ ಸೆಂಟರಿನಲ್ಲಿ ಆ ರೇಸನ್ನು ಮೂರು ಭಾನುವಾರ ಆಡಿ ಗೆದ್ದಿದ್ದೆ. ನಾಲ್ಕನೆಯ ಭಾನುವಾರ ಹೋದಾಗ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ನನ್ನ ಸೇವ್ ಕಡತವನ್ನೇ ಅಳಿಸಿಹಾಕಿದ್ದರು. ಈ ಮಳೆಗಾಲದಲ್ಲಿ, ಇಷ್ಟು ವರ್ಷಗಳ ನಂತರ, ಅದನ್ನು ಮತ್ತೆ ಗೆದ್ದಾಗ ರಾತ್ರಿ ಒಂದೂವರೆಯಾಗಿತ್ತು. ಕರೆಂಟ್ ಹೋಗಿ, ಯುಪಿಎಸ್ ಕೂಗುತ್ತಿದ್ದ ಐದು ನಿಮಿಷದಲ್ಲಿ ಕೊನೆಯ ಸುತ್ತು ಮುಗಿಸಿದೆ.

ಇದೇ ಕಥೆಯನ್ನು ಹ್ಯಾಂಗರ್ 13 ಸಂಸ್ಥೆ ಹೊಸದಾಗಿ ಕಟ್ಟಿ 2020ರಲ್ಲಿ ತಂದ ಡೆಫಿನಿಟಿವ್ ಎಡಿಷನ್ನಿನಲ್ಲಿ ಊರು ಕಣ್ಣಿಗೆ ಹಬ್ಬವಾಗಿದೆ. ಮಳೆಗೆ ತೊಯ್ದ ರಸ್ತೆಯಲ್ಲಿ ಅಂಗಡಿಗಳ ದೀಪ ಪ್ರತಿಫಲಿಸುವುದನ್ನು ನೋಡಲೆಂದೇ ನಾನು ಹಲವು ಸಲ ಕಾರು ನಿಲ್ಲಿಸಿದ್ದೇನೆ. ಟಾಮಿಯ ಪತ್ನಿ ಸಾರಾ ಇಲ್ಲಿ ಹೆಚ್ಚು ಮಾತನಾಡುತ್ತಾಳೆ, ಹೆಚ್ಚು ಬದುಕುತ್ತಾಳೆ. ಆದರೆ ಸಾಮಾನ್ಯ ಮಟ್ಟದಲ್ಲಿ ಆಡಿದರೆ ಕಾರುಗಳು ಹಗುರ, ಪೊಲೀಸರು ಸಡಿಲ. ಹಳೆಯ ಆಟದ ಬಿಗಿ ಉಳಿಯುವುದಿಲ್ಲ. ಆದ್ದರಿಂದ ಕ್ಲಾಸಿಕ್ ಎಂಬ ಕಠಿಣ ಮಟ್ಟವನ್ನೂ ನಿಜದ ಕಾರಿನಂತೆ ಭಾರವಾದ ಸಿಮ್ಯುಲೇಷನ್ ಚಾಲನೆಯನ್ನೂ ಆಯ್ದುಕೊಂಡೇ ಆಡಬೇಕೆಂದು ನನ್ನ ಒತ್ತಾಯ. ಆಗ ಬಂದೂಕಿನ ಅರ್ಧ ಖಾಲಿಯಾದ ಮ್ಯಾಗಜೀನನ್ನು (ಗುಂಡು ತುಂಬುವ ಡಬ್ಬಿಯನ್ನು) ಬದಲಿಸಿದರೆ ಅದರಲ್ಲಿ ಉಳಿದ ಗುಂಡುಗಳೂ ಹೋದಂತೆಯೇ, ಹಳೆಯ ಆಟದಲ್ಲಿ ಆಗುತ್ತಿದ್ದ ಹಾಗೆ.

2010ರ ಎರಡನೆಯ ಆಟದ ವಿಷಯಕ್ಕೆ ಬಂದರೆ ನನ್ನ ಒಲವನ್ನು ಮುಚ್ಚಿಡಲಾರೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು, 1945ರ ಚಳಿಗಾಲದಲ್ಲಿ ಎಂಪೈರ್ ಬೇ ನಗರಕ್ಕೆ ಮರಳುವ ವೀಟೋ ಸ್ಕಲೆಟ್ಟಾ, ಹಿಮ ಮುಚ್ಚಿದ ಬೀದಿಯಲ್ಲಿ ತಾಯಿಯ ಮನೆಯವರೆಗೆ ನಡೆದು ಹೋಗುತ್ತಾನೆ. ತಂದೆ ಬಿಟ್ಟುಹೋದ 2,000 ಡಾಲರ್ ಸಾಲ ಅವನಿಗಾಗಿ ಕಾದಿರುತ್ತದೆ. ಸಾಲ ತೀರಿಸಲು ಬಂದರಿನಲ್ಲಿ ಕೂಲಿಗೆ ನಿಂತಾಗ, ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಲಾರಿಗೆ ಹೇರುವ ಕೆಲಸವನ್ನು ಆಟ ನಮ್ಮ ಕೈಯಿಂದಲೇ ಮಾಡಿಸುತ್ತದೆ. ಎತ್ತು, ನಡೆ, ಇಡು, ಮತ್ತೆ ಹಿಂದಿರುಗು. ನಮ್ಮಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸಿನ ಮುಂದೆ ಮೂಟೆ ಹೊರುವವರನ್ನು ಕಂಡವರಿಗೆ ಆ ನಡಿಗೆಯ ಪರಿಚಯ ಇದ್ದೇ ಇರುತ್ತದೆ. ಮೂರ್ನಾಲ್ಕು ಪೆಟ್ಟಿಗೆಗಳಾದ ಮೇಲೆ ವೀಟೋ ಏಕೆ ಕೆಲಸ ಬಿಟ್ಟು ಅಡ್ಡದಾರಿ ಹಿಡಿಯುತ್ತಾನೆಂಬುದು ಯಾರೂ ವಿವರಿಸದೆ ನಮಗೆ ತಿಳಿಯುತ್ತದೆ. ಅದು ಸರಿಯೆಂದು ಆಟ ಎಲ್ಲಿಯೂ ಹೇಳುವುದಿಲ್ಲ.

ಚಾಲನೆಯೂ ಇಲ್ಲಿ ಕಥೆಯ ಜೊತೆಗೇ ಸಾಗುತ್ತದೆ. ಹಿಮದ ಮೇಲೆ ಜಾರುವ ಮಂದಗತಿಯ ಕಾರುಗಳ ಕಾಲದಲ್ಲಿ ವೀಟೋ ಸೆರೆಮನೆ ಸೇರುತ್ತಾನೆ. ಹೊರಬರುವಾಗ 1951, ಮರಗಳೆಲ್ಲ ಹಸಿರು, ಕಾರುಗಳು ನುಣುಪು ಮತ್ತು ವೇಗ, ರೇಡಿಯೋದ ಹಾಡುಗಳೂ ಬೇರೆ. ಪೊಲೀಸರು ವ್ಯಕ್ತಿಯ ಗುರುತನ್ನೂ ಕಾರಿನ ಗುರುತನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತಾರೆ: ಬಟ್ಟೆ ಬದಲಿಸಿದರೆ ಮನುಷ್ಯ ಪಾರು, ನಂಬರ್ ಪ್ಲೇಟ್ ಬದಲಿಸಿದರೆ ಕಾರು ಪಾರು. ಗಳಿಸಿದ್ದನ್ನು ಆಟ ಎರಡು ಬಾರಿ ಕಿತ್ತುಕೊಳ್ಳುತ್ತದೆ, ಒಮ್ಮೆ ಸೆರೆಮನೆಯ ಮೂಲಕ, ಇನ್ನೊಮ್ಮೆ ಮನೆಗೆ ಬೀಳುವ ಬೆಂಕಿಯ ಮೂಲಕ. ಕೂಡಿಟ್ಟ ಸೂಟುಗಳೂ ಹೋಗುತ್ತವೆ. ಮಿಷನ್ನುಗಳ ಆಚೆ ಊರಿನಲ್ಲಿ ಮಾಡಲು ಹೆಚ್ಚೇನೂ ಇಲ್ಲ ಎಂಬ ದೂರನ್ನು ಒಪ್ಪುತ್ತೇನೆ, ಮುಕ್ತಾಯ ತಟಕ್ಕನೆ ಕಡಿದಂತಿದೆ ಎಂಬುದನ್ನೂ ಒಪ್ಪುತ್ತೇನೆ.

2016ರ ಮೂರನೆಯ ಆಟಕ್ಕೆ ವಸ್ತು ಎಲ್ಲಕ್ಕಿಂತ ದೊಡ್ಡದು. ನ್ಯೂ ಆರ್ಲಿಯನ್ಸ್ ಮಾದರಿಯ ನ್ಯೂ ಬೋರ್ಡೋ ನಗರ, 1968ನೇ ಇಸವಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಲಿಂಕನ್ ಕ್ಲೇ ಎಂಬ ಮಿಶ್ರ ಜನಾಂಗದ ಯುವಕ. ಬಡ ಕಪ್ಪು ಜನರ ಬಡಾವಣೆಯಲ್ಲಿ ಅಪರಾಧ ನಡೆದರೆ ಪೊಲೀಸರು ನಿಧಾನವಾಗಿ ಬರುತ್ತಾರೆ, ಶ್ರೀಮಂತರ ಬಡಾವಣೆಯಲ್ಲಾದರೆ ಧಾವಿಸುತ್ತಾರೆ. ಕೆಲವು ಅಂಗಡಿಗಳಿಗೆ ಕಾಲಿಟ್ಟರೆ ಸಾಕು, ಹೊರಗೆ ಹೋಗೆನ್ನುತ್ತಾರೆ. ಊರಿನ ಅನ್ಯಾಯವನ್ನು ಆಟದ ನಿಯಮವನ್ನಾಗಿಯೇ ಮಾಡಿದ ಈ ಯೋಚನೆಗೆ ನನ್ನ ಪೂರ್ಣ ಗೌರವವಿದೆ. ದುರದೃಷ್ಟವೆಂದರೆ, ಅದರ ಸುತ್ತ ಹೆಣೆದ ಕೆಲಸ ಒಂದೇ ಬಗೆಯದು: ಬಡಾವಣೆಯ ದಂಧೆಗೆ ನಷ್ಟ ಮಾಡು, ಅದರ ಯಜಮಾನನನ್ನು ಹೊರಗೆಳೆ, ಕೊಲ್ಲು ಅಥವಾ ನಿನ್ನ ಕಡೆಗೆ ಸೇರಿಸಿಕೋ, ಮುಂದಿನ ಬಡಾವಣೆಗೆ ನಡೆ. ನಾಲ್ಕನೆಯ ಬಡಾವಣೆಯ ಹೊತ್ತಿಗೆ ನಾನು ಕಥೆಯನ್ನು ಮರೆತು ಲೆಕ್ಕ ತೀರಿಸುತ್ತಿದ್ದೆ. ಗೆದ್ದ ಬಡಾವಣೆಯನ್ನು ಲಿಂಕನ್ನನ ಜೊತೆಗಾರರಾದ ಕಸಾಂಡ್ರಾ, ಬರ್ಕ್, ಎರಡನೆಯ ಆಟದ ಅದೇ ವೀಟೋ ಈ ಮೂವರಲ್ಲಿ ಯಾರಿಗೆ ಒಪ್ಪಿಸಬೇಕೆಂಬ ಕೂಟಗಳಲ್ಲಿ ಮಾತ್ರ ಮತ್ತೆ ಎದೆ ಬಡಿದುಕೊಳ್ಳುತ್ತಿತ್ತು, ಏಕೆಂದರೆ ಕಡೆಗಣಿಸಿದವರು ತಿರುಗಿ ಬೀಳುತ್ತಾರೆ.

1900ರ ದಶಕದ ಸಿಸಿಲಿಯಲ್ಲಿ ನಡೆಯುವ, 2025ರಲ್ಲಿ ಬಂದ ದಿ ಓಲ್ಡ್ ಕಂಟ್ರಿಯನ್ನು ಚಿಕ್ಕಮಗಳೂರಿನ ಗೆಳೆಯರ ಮನೆಯಲ್ಲಿ ಆಡಿದೆ. ಗಂಧಕದ ಗಣಿಯಿಂದ ತಪ್ಪಿಸಿಕೊಂಡು ಬರುವ ಎಂಜೋವಿನ ಕಥೆ ಚೆನ್ನಾಗಿದೆ, ಕುದುರೆ ಸವಾರಿಯೂ ಇದೆ, ಸಿಸಿಲಿಯ ನುಡಿಯಲ್ಲೇ ಸಂಭಾಷಣೆ ಕೇಳುವ ಅನುಕೂಲವೂ ಇದೆ. ಆದರೆ ಅದು ಬಹುಮಟ್ಟಿಗೆ ನೇರ ದಾರಿಯ ಕಥೆ. ಊರಿಡೀ ಮನಬಂದಂತೆ ಸುತ್ತಬಹುದಾದ ಆಟಗಳ ಜೊತೆ ಇಟ್ಟು ತೂಗುವುದು ಸರಿಯಲ್ಲ.

ಅಕ್ಕನ ಮಗನಿಗೆ ಎರಡನೆಯದನ್ನು ಕೊಳ್ಳೆಂದೆ. ಎರಡಕ್ಕೆ ದುಡ್ಡಿದ್ದರೆ ಮೊದಲನೆಯದರ 2020ರ ರೂಪವನ್ನು ಆಡಿ ಮುಗಿಸಿ, ಆಮೇಲೆ ಎರಡನೆಯದಕ್ಕೆ ಹೋಗು, ಆ ಕ್ರಮ ತಪ್ಪಿಸಬೇಡ ಎಂದೂ ಹೇಳಿದೆ. ಮೊದಲ ಆಟದ ಕೊನೆಯಲ್ಲಿ ಒಂದು ಮನೆಯ ಅಂಗಳಕ್ಕೆ ಇಬ್ಬರು ಬರುತ್ತಾರೆ. ಅವರು ನಮಗೆ ಅಪರಿಚಿತರು. ಎರಡನೆಯ ಆಟದಲ್ಲಿ, ಅದೇ ಅಂಗಳಕ್ಕೆ ಹೋಗುವ ಕಾರಿನ ಸ್ಟೇರಿಂಗ್ ನಮ್ಮ ಕೈಯಲ್ಲಿರುತ್ತದೆ.